ಗಂಟೆ ಕಟ್ಟಿಸಿದ ಅಕ್ಕೋರು

ನಮ್ಮ ಅಕ್ಕೋರ ಸೊಂಟದಲ್ಲಿ ಗೇಣುದ್ದದ ಕಬ್ಬಿಣದ ಕೀಲಿ ಸದಾ ಸಿಕ್ಕಿಕೊಂಡಿರುತ್ತಿತ್ತು. ಉಟ್ಟ ಇಲಕಲ್ ಸೀರೆಗೆಲ್ಲ ಅದರ ತುಕ್ಕಿನ ಕಲೆ. ಚಿಂಚವಾಡದ ನಮ್ಮ ಸಾಲುಮನೆಗಳ ಚಾಳಿನ ನೀರಿನ ಟಾಕಿಯ ಕೀಲಿ ಅದು. ಯಾವ ಸಾಲಿನ ನಳಕ್ಕೆ ಯಾವಾಗ ನೀರು ಎಂದು ನಿರ್ಧರಿಸುವವರು ಅವರೇ. ಕನ್ನಡ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಅವರೆದುರು ಬಾಯಿ ತೆರೆಯುವ ಧೈರ್ಯ ಪಕ್ಕದ ಮರಾಠಿ ಮನೆಯವರಿಗೂ ಇರಲಿಲ್ಲ, ನಮ್ಮದಂತೂ ಕೇಳಲೇಬೇಡಿ.

ಸಂಜೆ ಬೇವಿನ ಕಟ್ಟೆಯ ಮೇಲೆ ಮೆಂತ್ಯಸೊಪ್ಪು ಸೋಸುತ್ತ ಅವರು ಹೇಳುತ್ತಿದ್ದುದು ಒಂದೇ ಊರಿನ ಕತೆ. ಹಿಂದಿನ ಕಾಲದ ರಷ್ಯಾದ ನವ್ಗೊರೊದ್. ಅಲ್ಲಿಯ ಜನ ತಮ್ಮ ರಾಜನನ್ನು ತಾವೇ ಕರೆಸಿ, ಊರ ಹೊರಗೆ ಮನೆ ಕೊಡುತ್ತಿದ್ದರಂತೆ. ಸರಿಬರದಿದ್ದರೆ ಗಂಟೆ ಬಾರಿಸಿ, ಸಭೆ ಸೇರಿ, ಹೋಗಿ ಬಾ ಎನ್ನುತ್ತಿದ್ದರಂತೆ. ಆ ಕತೆಯ ಹುಚ್ಚಿಗೆ ಶಾಲೆಯ ಹಳೆಯ ಗಂಟೆಯೊಂದನ್ನು ಬೇಡಿ ತಂದು ಬೇವಿನ ಮರಕ್ಕೆ ಕಟ್ಟಿಸಿದ್ದರು. ಯಾರು ಬೇಕಾದರೂ ಬಾರಿಸಬಹುದು, ಬಾರಿಸಿದರೆ ಎಲ್ಲರೂ ಬರಬೇಕು ಎಂದು ಅಪ್ಪಣೆ. ಬಾರಿಸುತ್ತಿದ್ದವರು ಮಾತ್ರ ಅವರೊಬ್ಬರೇ!

ಒಂದು ಬೇಸಿಗೆಯಲ್ಲಿ ಟಾಕಿ ತಳ ಕಂಡಿತು. ಹಿಂದಿನ ಸಾಲಿನ ತಗಡಿನ ಖೋಲಿಗಳಲ್ಲಿ ಯಾದಗಿರಿ ಕಡೆಯಿಂದ ಮನೆ ಕಟ್ಟಲು ಬಂದ ಗೌಂಡಿ ಕೆಲಸದವರಿದ್ದರು. ಅವರು ನೀರು ಪೋಲು ಮಾಡುತ್ತಾರೆಂದು ಅಕ್ಕೋರು ಯಾರನ್ನೂ ಕೇಳದೆ ಆ ಸಾಲಿನ ನಳ ಬಂದ್ ಮಾಡಿಬಿಟ್ಟರು. ಮರುದಿನ ಬೆಳಿಗ್ಗೆ ಗಂಟೆ ಢಣಢಣ ಮೊಳಗಿತು. ಹೋಗಿ ನೋಡಿದರೆ ಆ ಸಾಲಿನ ಹೆಂಗಸೊಬ್ಬಳು ಖಾಲಿ ಕೊಡ ಇಟ್ಟುಕೊಂಡು ನಿಂತಿದ್ದಾಳೆ. ಕಟ್ಟೆಯ ಬಳಿ ಕೂತು ಕತೆ ಕೇಳಿದವಳೇ.

“ಅಕ್ಕೋರ, ನಳಾ ಬಂದ್ ಮಾಡೂ ಮುಂದ ನಮ್ಮನ್ನ ಒಂದ್ ಮಾತು ಕೇಳಬಾರದೇನ್ರಿ?”

ಅಕ್ಕೋರ ಮುಖ ಕೆಂಪಗಾಯಿತು. ಇವಳ ಕತೆ ಮುಗಿಯಿತು ಅಂದುಕೊಂಡೆವು. ಆದರೆ ಅವರು ಸೊಂಟದ ಕೀಲಿ ತೆಗೆದು ಕಟ್ಟೆಯ ಮೇಲಿಟ್ಟರು.

“ಕೇಳಬೇಕಿತ್ತವಾ, ತಪ್ಪಾತು. ಈ ಕೀಲಿ ಯಾರ ಕಡೆ ಇರಬೇಕು, ಎಲ್ಲಾರೂ ಕೂಡಿ ಹೇಳ್ರಿ. ನನ್ನ ಮಾತ್ರ ಊರ ಹೊರಗ ಹಾಕಬ್ಯಾಡ್ರಿ.”

ಎಲ್ಲರೂ ನಕ್ಕರು, ಆ ಹೆಂಗಸೂ ನಕ್ಕಳು. ಎಲ್ಲ ಸಾಲಿಗೂ ಸಮನಾಗಿ ನೀರು, ಕೀಲಿ ವರ್ಷಕ್ಕೊಂದು ಮನೆಗೆ ಎಂದು ಅಲ್ಲೇ ತೀರ್ಮಾನವಾಯಿತು. ಮೊದಲ ಸರದಿ ಅವಳ ಮನೆಗೇ ಬಂತು. ಅಕ್ಕೋರು ಕೊಡ ಹಿಡಿದು ನಮ್ಮೊಂದಿಗೆ ಪಾಳಿಯಲ್ಲಿ ನಿಂತು, ನೀರು ತಡವಾಯಿತೆಂದು ಗೊಣಗುತ್ತಿದ್ದರು. ಆ ಗೊಣಗಾಟದಲ್ಲಿ ಅವರಿಗೆ ಭಾರೀ ಖುಷಿಯಿತ್ತು.

ಹೋದ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ಈ ವರ್ಷ ಕೀಲಿ ನಮ್ಮ ಮನೆಯಲ್ಲಿದೆ. ಗಂಟೆಯ ಸದ್ದು ಕೇಳಿದರೆ ಮೊದಲು ನನಗೆ ಮೈಯೆಲ್ಲ ಉರಿಯುತ್ತದೆ, ಇವತ್ತು ಇನ್ಯಾರದು ತಕರಾರು ಎಂದು. ಆಮೇಲೆ ಕಟ್ಟೆಯ ಮೇಲೆ ಕೀಲಿಯಿಟ್ಟ ಆ ಕೈ ನೆನಪಾಗುತ್ತದೆ. ಚಪ್ಪಲಿ ಮೆಟ್ಟಿಕೊಂಡು ಮರದ ಹತ್ತಿರ ಹೋಗುತ್ತೇನೆ.