ಮುಳ್ಳು ತಿರುಗಿಸಿದ ಆಯಮ್ಮ

ಜಿಮ್ನಾಸ್ಟಿಕ್ಸ್ ಕಲಿಯುವ ಹುಡುಗಿಯರ ಆ ಹಾಸ್ಟೆಲಿನ ಬಚ್ಚಲುಗಳನ್ನು ಆಯಮ್ಮ ಹನ್ನೊಂದು ವರ್ಷದಿಂದ ತೊಳೆಯುತ್ತಿದ್ದಳು. ಕಟ್ಟಿಕೊಂಡ ಮೋರಿಗೆ ಬರಿಗೈ ಹಾಕುವ ಹೆಂಗಸು. ಅವಳಿಗೂ ಹೇಸಿಗೆ ಅನಿಸುತ್ತಿದ್ದುದು ಸೋಮವಾರ ಬೆಳಿಗ್ಗೆ, ಕೋಚ್ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ತೂಗುವಾಗ.

ಒಬ್ಬೊಬ್ಬಳ ತೂಕವನ್ನೂ ಅವನು ಗಟ್ಟಿಯಾಗಿ ಕೂಗುತ್ತಿದ್ದ. ಅರ್ಧ ಕೇಜಿ ಏರಿದವಳನ್ನು ವಾರವಿಡೀ ಎಲ್ಲರೂ ಮೂಟೆ ಎಂದೇ ಕರೆಯಬೇಕು. ಹನ್ನೆರಡು ವರ್ಷದ ಚಿಟ್ಟಿಗೆ ಮೂರು ವಾರದಿಂದ ಅದೇ ಹೆಸರು. ಎಲುಬಿನ ಹಂದರದಂಥ ಆ ಕೂಸು ತಿಂದದ್ದನ್ನೆಲ್ಲ ಬೆರಳು ಹಾಕಿ ಕಾರಿಕೊಳ್ಳುತ್ತಿತ್ತು. ತೊಳೆಯುವವಳಿಗೆ ಗೊತ್ತಾಗದೆ ಇರುತ್ತದೆಯೇ? ಆಯಮ್ಮ ಹೋಗಿ ಕೋಚ್‌ಗೆ ಹೇಳಿದಳು. ಅವನು ನಕ್ಕು, ಹುಡುಗಿಗೆ ಛಲವಿದೆ ಅಂದ. ಥೂ, ಇವನೂ ಒಬ್ಬ ಮನುಷ್ಯನೇ ಅಂದುಕೊಂಡು ಅವಳು ಬಕೆಟ್ಟು ಎತ್ತಿಕೊಂಡು ಬಂದಳು.

ಮುಂದಿನ ಸೋಮವಾರ ನೆಲ ಒರೆಸುವ ನೆಪದಲ್ಲಿ, ತೂಕದ ಮೆಷಿನ್ನಿನ ತಳದಲ್ಲಿದ್ದ ತಿರುಪನ್ನು ಹಿಂದಕ್ಕೆ ತಿರುಗಿಸಿ, ಮುಳ್ಳು ಒಂದು ಕೇಜಿ ಕಮ್ಮಿ ತೋರಿಸುವಂತೆ ಮಾಡಿಟ್ಟಳು. ಅವತ್ತು ಯಾರೂ ಮೂಟೆಯಾಗಲಿಲ್ಲ. ಚಿಟ್ಟಿ ಹಲ್ಲು ಬಿಟ್ಟು ನಕ್ಕಳು. ಆದರೆ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಹೋದ ವಾರ ಎಲ್ಲರ ಊಟ ಅರ್ಧ ಮಾಡಿದ್ದಕ್ಕೇ ಒಂದು ಕೇಜಿ ಇಳಿದಿದೆ, ಇನ್ನು ರಾತ್ರಿ ಊಟವೇ ಬೇಡ ಎಂದು ಕೋಚ್ ಅಡುಗೆಮನೆಗೆ ಬೀಗ ಹಾಕಿಸಿದ.

ಮೂರನೆಯ ದಿನ ಚಿಟ್ಟಿ ಅಭ್ಯಾಸದ ನಡುವೆ ಕಣ್ಣು ಕತ್ತಲೆ ಬಂದು ಕುಸಿದಳು. ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದ ಆಯಮ್ಮನಿಗೆ ಇನ್ನು ತಡೆಯಲಾಗಲಿಲ್ಲ.

"ಸರ್, ಯಾರೂ ಇಳಿದಿಲ್ಲ. ಮುಳ್ಳು ತಿರುಗಿಸಿದ್ದು ನಾನೇ. ಮೊದ್ಲು ಈ ಮಗೂಗೆ ಊಟ ಹಾಕ್ಸಿ."

ಕೋಚ್ ತಿರುಪನ್ನು ಸರಿಮಾಡಿ, ತೂರಾಡುತ್ತಿದ್ದ ಹುಡುಗಿಯನ್ನೇ ಮೆಷಿನ್ನಿನ ಮೇಲೆ ನಿಲ್ಲಿಸಿದ. ಮುಳ್ಳು ಹಳೆಯ ಜಾಗಕ್ಕೇ ಬಂತು. ಚಿಟ್ಟಿ ಅದನ್ನೇ ನೋಡುತ್ತ ನಿಂತಳು. ಆಮೇಲೆ ಆಯಮ್ಮನ ಕಡೆ ತಿರುಗಿಯೂ ನೋಡದೆ ಹೇಳಿದಳು.

"ಸರ್, ಇವ್ರನ್ನ ಇಲ್ಲಿಂದ ಕಳಿಸಿಬಿಡಿ. ನನ್ನ ಹಾಳು ಮಾಡ್ತಾರೆ."

ಕೆಲಸ ಹೋದದ್ದನ್ನು ಆಯಮ್ಮ ಹೇಗೋ ನುಂಗಿಕೊಂಡಳು. ಆ ಮಾತು ಕೇಳಿ ಕೋಚ್ ಚಿಟ್ಟಿಯ ಬೆನ್ನು ತಟ್ಟಿದ್ದನ್ನು ಮಾತ್ರ ಇವತ್ತಿಗೂ ಅವಳಿಂದ ನುಂಗಲಾಗಿಲ್ಲ.