ಟೂ ಬಂತು

ಇಪ್ಪತ್ತೈದು ವರ್ಷ ಕಾದಿದ್ದ ವಿಡಿಯೊ ಗೇಮೊಂದರ ಎರಡನೇ ಭಾಗ ಬಿಡುಗಡೆಯಾದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ, ಕುರುಗೋಡಿನ ನಮ್ಮ ಆಫೀಸಿಗೆ ಫೋನು ಮಾಡಿ ಹಲ್ಲುನೋವೆಂದು ರಜೆ ಹೇಳಿದ್ದು. ನಲವತ್ತೇಳು ವರ್ಷದ ಗುಮಾಸ್ತ 'ಗೇಮ್ ಆಡಬೇಕು, ರಜೆ ಕೊಡಿ' ಎಂದು ಕೇಳುವುದು ಹೇಗೆ? ಫೋನಿಟ್ಟ ಹತ್ತು ನಿಮಿಷಕ್ಕೆ ಎಡದವಡೆ ನಿಜವಾಗಿಯೂ ಜುಮುಜುಮು ಎನ್ನತೊಡಗಿತು. ನಾನು ಹೇಳುವ ಸುಳ್ಳನ್ನು ಬೇರೆ ಯಾರೂ ನಂಬದಿದ್ದರೂ ನನ್ನ ದೇಹ ನಂಬುತ್ತದೆ.

ಬಳ್ಳಾರಿಯ ಪಾರ್ವತಿನಗರದಲ್ಲಿ ಮಹಡಿಯ ಮೇಲಿನ ಎರಡು ಕೋಣೆ ನನ್ನ ಮನೆ. ಒಬ್ಬನೇ ಇದ್ದೇನೆ. ಮದುವೆ ಯಾಕಾಗಲಿಲ್ಲವೆಂದು ಯಾರಾದರೂ ಕೇಳಿದರೆ, ಆಗಲೋ ಬೇಡವೋ ಎಂದು ಚಿಂತಿಸುತ್ತಿರುವಾಗಲೇ ವಯಸ್ಸು ದಾಟಿತು ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ಹೇಳಿದ್ದು ನಿಜವೇ.

ಆಟಕ್ಕೆಂದು ಒಂದು ತಿಂಗಳಿಂದ ತಯಾರಿ ನಡೆದಿತ್ತು. ಆಡುವ ಯಂತ್ರ ಬಂತು. ದೊಡ್ಡ ಟೀವಿ ಬಂತು. ಪಕ್ಕದ ಕುಡತಿನಿಯಲ್ಲಿ ಅಷ್ಟು ದೊಡ್ಡ ವಿದ್ಯುತ್ ಸ್ಥಾವರವಿದ್ದರೂ ಆಟದ ನಡುವೆ ಕರೆಂಟು ಹೋದರೆ ಎಂದು ಇನ್ವರ್ಟರ್ ಬಂತು. ಇನ್ವರ್ಟರಿನ ಬ್ಯಾಟರಿ ಕೈಕೊಟ್ಟರೆ ಎಂಬ ಚಿಂತೆ ಅದರ ಜೊತೆಯಲ್ಲೇ ಬಂತು. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಯಂತ್ರದ ಜೊತೆ ಒಂದೇ ಇರುತ್ತದೆ. ನಾನು ಇನ್ನೊಂದನ್ನು ತರಿಸಿದೆ. ಒಬ್ಬನೇ ಇರುವ ಮನೆಯಲ್ಲಿ ಎರಡು ಯಾಕೆ ಎಂದು ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ನಾನೇ ಕೇಳಿಕೊಂಡೆ. ಉತ್ತರ ಗೊತ್ತಿತ್ತು.

ಅದು ಇಬ್ಬರು ಕೂಡಿ ಆಡುವ ಆಟ. ಪಾಳುಬಿದ್ದ ಶಹರವೊಂದರಲ್ಲಿ ಇಬ್ಬರು ದಾರಿಹೋಕರು. ಒಬ್ಬನ ಕೈಯಲ್ಲಿ ಕಂದೀಲು, ಇನ್ನೊಬ್ಬನ ಹೆಗಲ ಮೇಲೆ ಹಗ್ಗ. ಹಗ್ಗದವನು ಮುಂದೆ ಹಾರಿ ಹಗ್ಗ ಎಸೆಯಬೇಕು, ಕಂದೀಲಿನವನು ಬೆಳಕು ಹಿಡಿಯಬೇಕು. ಮೊದಲ ಭಾಗವನ್ನು ಕೌಲ್ ಬಜಾರಿನ ಒಂದು ಓಣಿಯಲ್ಲಿದ್ದ ಗೇಮ್ ಪಾರ್ಲರಿನಲ್ಲಿ ನಾನೂ ನನ್ನ ಗೆಳೆಯನೂ ಆಡಿದ್ದು. ಅವನ ಮನೆ ನಮ್ಮ ಮನೆಯ ಬೆನ್ನಿಗಿತ್ತು. ಒಂದನೇ ಕ್ಲಾಸಿನಿಂದ ಜೊತೆ. ಅವನು ಆಗಲೇ ಅವರಪ್ಪನ ಜೊತೆ ಹೊಲಿಗೆ ಕೆಲಸಕ್ಕೆ ಕೂತಿದ್ದ, ನಾನು ನೌಕರಿಗೆ ಅರ್ಜಿ ಹಾಕುತ್ತಾ ಕೂತಿದ್ದೆ. ಹಗ್ಗ ಯಾವಾಗಲೂ ಅವನದು, ಕಂದೀಲು ನನ್ನದು. ಕಂದೀಲಿನವನು ಹಿಂದೆ ನಿಲ್ಲಬಹುದಲ್ಲ, ಅದಕ್ಕೆ. ಆಡಿದ್ದಕ್ಕಿಂತ ಅವನು ನನ್ನನ್ನು ಬೈದದ್ದೇ ಹೆಚ್ಚು. "ಲೇ, ಬೆಳಕ ಹಿಡಿಯಲೇ! ಮುಂದ ಹಿಡಿ ಅಂದ್ರ ನಿನ್ನ ಮುಖಕ್ಕ ಹಿಡ್ಕೋತಿಯಲ್ಲೋ, ಮದುವಿ ಫೋಟೋ ತೆಗಿಸ್ತೀಯೇನು?"

ಮೊದಲ ಭಾಗದ ಕೊನೆಯಲ್ಲಿ ಸೇತುವೆ ಮುರಿದು ಒಬ್ಬ ಆ ಕಡೆ, ಒಬ್ಬ ಈ ಕಡೆ ಉಳಿಯುತ್ತಾರೆ. ಅಷ್ಟೇ. ಪಾರ್ಲರಿನಿಂದ ಹೊರಗೆ ಬಂದು ಇಬ್ಬರೂ ಸಿಟ್ಟಿನಿಂದ ಚಹಾ ಕುಡಿದೆವು. ಅವತ್ತಿನಿಂದ ಎಲ್ಲಿ ಸಿಕ್ಕರೂ ಒಂದೇ ಪ್ರಶ್ನೆ: "ಟೂ ಯಾವಾಗ ಬರ್ತೈತಿ?" ಪಾರ್ಟ್ ಟೂ ಎನ್ನುವುದಕ್ಕೆ ನಮ್ಮಲ್ಲಿ ಬರೀ ಟೂ. ಪಾರ್ಲರ್ ಮುಚ್ಚಿತು, ಟೂ ಬರಲಿಲ್ಲ. ನನಗೆ ನೌಕರಿ ಸಿಕ್ಕಿತು, ಅವನು ಮದುವೆಯಾಗಿ ಹೆಂಡತಿಯ ಊರು ಸಿರುಗುಪ್ಪಕ್ಕೆ ಹೋಗಿ ಟ್ರ್ಯಾಕ್ಟರಿನ, ಬೈಕಿನ ಸೀಟು ಹೊಲಿಯುವ ಅಂಗಡಿ ಇಟ್ಟ, ಟೂ ಬರಲಿಲ್ಲ.

ಈಗ ಬಂದಿತ್ತು. ಆದರೆ ಅವನ ಜೊತೆ ಮಾತು ನಿಂತು ನಾಲ್ಕು ವರ್ಷವಾಗಿತ್ತು.

ಜಗಳವಾಡಿ ನಿಂತಿದ್ದರೆ ಹೇಳಿಕೊಳ್ಳುವುದಕ್ಕೆ ಒಂದು ಮರ್ಯಾದೆ ಇರುತ್ತಿತ್ತು. ನಡೆದದ್ದು ಇಷ್ಟು. ಸಿರುಗುಪ್ಪದಲ್ಲಿ ಅವನ ಮಗಳ ನಿಕಾಹ್. ಐದು ಲೀಟರಿನ ಕುಕ್ಕರನ್ನು ಬಣ್ಣದ ಕಾಗದದಲ್ಲಿ ಸುತ್ತಿಸಿಕೊಂಡು ಬಸ್ಸು ಹತ್ತಿದೆ. ಕುರುಗೋಡು ಬರುವಷ್ಟರಲ್ಲಿ ತಲೆಗೆ ಹೊಕ್ಕಿತು: ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ? ಕೆಳಗಿನ ಮನೆಯವರು, ಅವರ ಮೊಮ್ಮಕ್ಕಳು, ಬೆಂಕಿ, ನಾಳಿನ ಪೇಪರು, ಎಲ್ಲ ಕಣ್ಣೆದುರಿಗೆ ಬಂತು. ಇಳಿದೆ. ವಾಪಸು ಬಳ್ಳಾರಿಯ ಬಸ್ಸು ಹಿಡಿದು ಮನೆಗೆ ಓಡಿದೆ. ಗ್ಯಾಸ್ ಬಂದ್ ಆಗಿತ್ತು. ಅಷ್ಟರಲ್ಲಿ ಅಲ್ಲಿ ಊಟದ ಹೊತ್ತೂ ಮುಗಿದಿತ್ತು. ಅವತ್ತು ನಾಚಿಕೆಯಾಗಿ ಫೋನು ಮಾಡಲಿಲ್ಲ. ಮರುದಿನ, ನಿನ್ನೆ ಯಾಕೆ ಮಾಡಲಿಲ್ಲವೆಂದರೆ ಏನು ಹೇಳಲಿ ಎಂದು ಮಾಡಲಿಲ್ಲ. ವಾರ, ತಿಂಗಳು. ಅವನೂ ಮಾಡಲಿಲ್ಲ. ಕುಕ್ಕರು ಕಾಗದ ಸಮೇತ ಅಲಮಾರಿಯ ಮೇಲೆ ಕೂತಿತು. ದಿನಾ ಬೆಳಿಗ್ಗೆ ಬನಿಯನ್ ತೆಗೆದುಕೊಳ್ಳುವಾಗ ನನ್ನನ್ನು ನೋಡುತ್ತಿತ್ತು.

ಟೂ ಬಿಡುಗಡೆಯ ಬೆಳಿಗ್ಗೆ, ಇನ್ನು ಅವನಿಗೆ ಹೇಳದಿದ್ದರೆ ನಾನು ಮನುಷ್ಯನೇ ಅಲ್ಲ ಎನ್ನಿಸಿತು. ವಾಟ್ಸಾಪಿನಲ್ಲಿ ಕ್ಷಮೆ ಕೇಳಿ ಉದ್ದಕ್ಕೆ ಬರೆದೆ, ಅರ್ಜಿಯಂತಿತ್ತು. ಅಳಿಸಿದೆ. ಗ್ಯಾಸಿನ ಕತೆ ಬರೆದೆ, ನನಗೇ ನಂಬಿಕೆ ಬರಲಿಲ್ಲ. ಅಳಿಸಿದೆ. ಕೊನೆಗೆ ಎಲ್ಲವನ್ನೂ ಹೇಳುವ ಒಂದೇ ಪದ ಹೊಳೆದು, ಅದೊಂದನ್ನೇ ಕಳಿಸಿದೆ:

"ಟೂ."

ಎಷ್ಟು ಚಂದದ ಸಂದೇಶವೆಂದು ಬಹಳ ಹೊತ್ತು ಬೀಗಿದೆ. ಎರಡು ಗೆರೆ ನೀಲಿಯಾದವು. ಓದಿದ್ದ. ಉತ್ತರ ಬರಲಿಲ್ಲ.

ಮಧ್ಯಾಹ್ನದವರೆಗೆ ಕಾದು ಆಟ ಶುರು ಮಾಡಿದೆ. ಮೊದಲ ದೃಶ್ಯದಲ್ಲಿ ಅದೇ ಮುರಿದ ಸೇತುವೆ ಕಂಡಾಗ, ಸುಳ್ಳೇಕೆ, ಕಣ್ಣು ತುಂಬಿತು. ಕಲ್ಲಿನ ಮೇಲಿನ ಪಾಚಿ ಕಾಣುತ್ತಿತ್ತು. ಕಂದೀಲಿನ ಸುತ್ತ ಹುಳ ಹಾರುತ್ತಿದ್ದವು. ನೀರಿನ ಸದ್ದು ಕೇಳಿ ನಲ್ಲಿ ಬಿಟ್ಟುಬಂದೆನೇನೋ ಎಂದು ಎದ್ದುಹೋಗಿ ನೋಡಿಬಂದೆ. ಇಪ್ಪತ್ತೈದು ವರ್ಷ ಕಾದದ್ದಕ್ಕೆ ಮೋಸವಿರಲಿಲ್ಲ. ಅರ್ಧ ಗಂಟೆ ಹಲ್ಲುನೋವೂ ಇರಲಿಲ್ಲ.

ಇಬ್ಬರಿಲ್ಲದಿದ್ದರೆ ಹಗ್ಗದವನನ್ನು ಯಂತ್ರವೇ ಆಡಿಸುತ್ತದೆ. ಅವನು ಒಮ್ಮೆಯೂ ತಪ್ಪಲಿಲ್ಲ. ನಾನು ಬೆಳಕನ್ನು ಎತ್ತ ಹಿಡಿದರೂ ಹಗ್ಗ ನೆಟ್ಟಗೆ ಹೋಗಿ ಬೀಳುತ್ತಿತ್ತು. ನಾನು ಹಳ್ಳಕ್ಕೆ ಬಿದ್ದರೆ ಏನೂ ಅನ್ನದೆ ದಂಡೆಯಲ್ಲಿ ನಿಂತು ಕಾಯುತ್ತಿದ್ದ. ಬೇಕೆಂದೇ ನಾಲ್ಕು ಸಲ ಬಿದ್ದೆ. ನಾಲ್ಕು ಸಲವೂ ಹಾಗೇ ನಿಂತಿದ್ದ. ಪರದೆಯ ಮೂಲೆಯಲ್ಲಿ ಎರಡನೇ ಆಟಗಾರ ಯಾವುದಾದರೂ ಗುಂಡಿ ಒತ್ತಿ ಸೇರಬಹುದೆಂಬ ಸಾಲು ಮಿನುಗುತ್ತಿತ್ತು. ಎರಡನೇ ಕಂಟ್ರೋಲರ್ ಪಕ್ಕದ ಕುರ್ಚಿಯ ಮೇಲಿತ್ತು. ಚಾರ್ಜು ಪೂರ್ತಿ ಇತ್ತು, ಎರಡು ಸಲ ನೋಡಿದ್ದೆ. ಸಂಜೆಯ ಹೊತ್ತಿಗೆ ಆಟ ನಿಲ್ಲಿಸಿ, ಯಂತ್ರ ಬಂದ್ ಮಾಡಿ, ಬಂದ್ ಆಯಿತೇ ಎಂದು ಮುಟ್ಟಿ ನೋಡಿದೆ.

ಸೋಮವಾರ ಕುರುಗೋಡಿನ ಬಸ್ಸಿನಲ್ಲಿ ಎದುರು ಸೀಟಿನಲ್ಲಿ ಯೂನಿಫಾರ್ಮಿನ ಇಬ್ಬರು ಹುಡುಗಿಯರು ಕಿಟಕಿಗಾಗಿ ಕಿತ್ತಾಡುತ್ತಿದ್ದರು. ಒಬ್ಬಳು ಕಿರುಬೆರಳನ್ನು ಇನ್ನೊಬ್ಬಳ ಮೂಗಿಗೆ ಹಿಡಿದು ಕಿರುಚಿದಳು:

"ಹೋಗ, ನಿನ್ನ ಜೊತಿ ಟೂ! ಸಾಯೋತನಕ ಟೂ!"

ಟಿಫಿನ್ ಚೀಲ ಪಕ್ಕಕ್ಕಿಟ್ಟು, ಫೋನು ತೆಗೆದು, ನಾನು ಕಳಿಸಿದ್ದನ್ನು ಮತ್ತೆ ಓದಿದೆ.

ಟೂ ಬಿಡುವುದು! ಒಂದನೇ ಕ್ಲಾಸಿನಿಂದ ನಾವಿಬ್ಬರೂ ವಾರಕ್ಕೊಮ್ಮೆ ಬಿಡುತ್ತಿದ್ದದ್ದು. ಕಿರುಬೆರಳು ತೋರಿಸಿ ಟೂ ಎಂದರೆ ಮಾತು ಬಂದ್. ಮತ್ತೆ ದೋಸ್ತಿಯಾಗಬೇಕಾದರೆ ಟೂ ಬಿಟ್ಟವನೇ ಬಂದು ಎರಡು ಬೆರಳು ಜೋಡಿಸಿ ಚಾಚಬೇಕು. ಇನ್ನೊಬ್ಬ ತಾನಾಗಿ ಮಾತಾಡುವಂತಿಲ್ಲ. ಮಗಳ ಮದುವೆಗೆ ಬರದೆ, ಒಂದು ಫೋನೂ ಮಾಡದೆ, ನಾಲ್ಕು ವರ್ಷದ ಮೇಲೆ ಒಂದು ಬೆಳಿಗ್ಗೆ ಅವನಿಗೆ ನಾನು ಬರೆದ ಒಂದೇ ಪದ ಅದು. ಅದರ ಮುಂದೆ ಒಂದು ಚುಕ್ಕಿ ಬೇರೆ ಇಟ್ಟಿದ್ದೆ.

ಫೋನು ಮಾಡಬಹುದಿತ್ತು. ಆದರೆ ಅವನು ಎತ್ತದಿದ್ದರೆ? ಮುಂದಿನ ಭಾನುವಾರ ಹೊರಟೆ. ಕುಕ್ಕರನ್ನು ಇಳಿಸಿ ಧೂಳು ಒರೆಸಿದೆ. ಎರಡನೇ ಕಂಟ್ರೋಲರನ್ನು ಟವೆಲ್ಲಿನಲ್ಲಿ ಸುತ್ತಿದೆ. ಬಾಗಿಲ ಹತ್ತಿರ ಬಂದು ನಿಂತೆ, ವಾಪಸು ಅಡುಗೆಮನೆಗೆ ಹೋದೆ, ಗ್ಯಾಸ್ ನೋಡಿದೆ, ಬಂದ್ ಇತ್ತು, ಮತ್ತೆ ಬಾಗಿಲಿಗೆ ಬಂದೆ. ನನ್ನನ್ನು ನಾನು ಬಲ್ಲೆ. ಕೊನೆಗೆ ಸಿಲಿಂಡರಿನ ರೆಗ್ಯುಲೇಟರನ್ನೇ ಕಿತ್ತು, ಅದರ ಕೇಸರಿ ಬಣ್ಣದ ಪೈಪಿನ ಸಮೇತ ಸುರುಳಿ ಸುತ್ತಿ ಚೀಲಕ್ಕೆ ತುರುಕಿದೆ. ಕುರುಗೋಡಿನಲ್ಲಿ ಬಸ್ಸು ನಿಂತಾಗ ಚೀಲದೊಳಗೆ ಕೈಹಾಕಿ ಅದನ್ನು ಮುಟ್ಟಿಕೊಂಡು ಕೂತೆ. ಇಳಿಯಲಿಲ್ಲ. ಸಿರುಗುಪ್ಪದ ಕಡೆಯ ಭತ್ತದ ಗದ್ದೆಗಳು ಹಳದಿಗೆ ತಿರುಗಿದ್ದವು.

ಅಂಗಡಿಯಲ್ಲಿ ಅವನು ಬಾಯಲ್ಲಿ ದಾರ ಕಚ್ಚಿಕೊಂಡು ಟ್ರ್ಯಾಕ್ಟರ್ ಸೀಟಿಗೆ ರೆಕ್ಸಿನ್ ಎಳೆಯುತ್ತಿದ್ದ. ಸೀಟಿನ ಯಜಮಾನ ಸ್ಟೂಲಿನ ಮೇಲೆ ಕಾಯುತ್ತಿದ್ದ. ಗೆಳೆಯನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ತಲೆಯೆತ್ತಿ ನನ್ನನ್ನು ನೋಡಿದ. ದಾರ ತೆಗೆಯಲಿಲ್ಲ. ಕಿರುಬೆರಳು ಎತ್ತಿ ತೋರಿಸಿದ.

"ಅದು ಆ ಟೂ ಅಲ್ಲಲೇ," ಎಂದೆ. "ಆಟದ್ದು. ಪಾರ್ಟ್ ಟೂ ಬಂದೈತಿ."

ದಾರ ತೆಗೆದ. "ಯಾವ ಆಟ?"

ಅದಕ್ಕೆ ನಾನು ತಯಾರಾಗಿರಲಿಲ್ಲ. ಬೈಯುತ್ತಾನೆ, ಅಂಗಡಿಯಿಂದ ಹೊರಗೆ ಹಾಕುತ್ತಾನೆ ಎಂದೆಲ್ಲ ಯೋಚಿಸಿದ್ದೆ. ಮರೆತಿರುತ್ತಾನೆ ಎಂದು ಇಷ್ಟು ವರ್ಷ ಒಂದು ದಿನವೂ ಚಿಂತಿಸಿರಲಿಲ್ಲ. ಸಿಕ್ಕಸಿಕ್ಕದ್ದಕ್ಕೆಲ್ಲ ಚಿಂತಿಸುವ ನಾನು ಅದೊಂದನ್ನು ಬಿಟ್ಟಿದ್ದೆ.

"ಕಂದೀಲು, ಹಗ್ಗ," ಎಂದೆ.

"ಓ, ಅದಾ." ಸೂಜಿಯನ್ನು ಸೀಟಿಗೆ ಚುಚ್ಚಿಟ್ಟ. "ಅಲ್ಲಲೇ, ನಾಕು ವರ್ಷ ಮಾತಿಲ್ಲ, ಕತಿ ಇಲ್ಲ. ಫೋನ್ ತೆಗದ್ರ ಟೂ ಅಂತ ಐತಿ. ನನ್ನ ಹೆಂಡ್ತಿಗೆ ತೋರಿಸಿದೆ. ಆಕಿ ಏನಂದ್ಲು ಗೊತ್ತೈತೇನು? ಇಷ್ಟು ದಿನ ಬಿಟ್ಟಿದ್ದಿಲ್ಲೇನು, ಈಗ ಬಿಟ್ಟಾರಾ ಅಂದ್ಲು."

ಸ್ಟೂಲಿನ ಮೇಲಿದ್ದವನು ನಕ್ಕ. ಗೆಳೆಯ ನಗಲಿಲ್ಲ.

"ನಿಕಾಹ್ ದಿನ ನನ್ನ ಬಾಜೂಕ ಒಂದು ಕುರ್ಚಿ ಹಿಡದಿದ್ದೆ. ಬಂದೋರನ್ನೆಲ್ಲಾ ಎಬ್ಬಿಸಿದೆ, ಅಲ್ಲಿ ಕುಂದರಬ್ಯಾಡ್ರಿ, ನಮ್ಮ ದೋಸ್ತ ಬರಾಕ ಹತ್ಯಾನ ಅಂತ. ನಮ್ಮ ಸೋದರಮಾವನ್ನೂ ಎಬ್ಬಿಸಿದೆ. ಅವ್ರು ಇನ್ನೂ ಸಿಟ್ಟು ಬಿಟ್ಟಿಲ್ಲ."

ಹೇಳಿದೆ. ಬಸ್ಸು, ಕುರುಗೋಡು, ಗ್ಯಾಸ್.

"ಬಂದ್ ಇತ್ತಾ?"

"ಬಂದ್ ಇತ್ತು."

ಕುಕ್ಕರ್ ಕೊಟ್ಟೆ. "ಮೊಮ್ಮಗ ಓಡ್ಯಾಡಾಕ ಹತ್ಯಾನ, ಈಗ ಬಂತು ಕುಕ್ಕರ್," ಎಂದು ಪಕ್ಕಕ್ಕಿಟ್ಟ. ಆಮೇಲೆ ತಾನೇ ನನ್ನ ಚೀಲಕ್ಕೆ ಕೈಹಾಕಿ, ಸುರುಳಿ ಸುತ್ತಿದ ಕೇಸರಿ ಪೈಪನ್ನು ಹೊರಗೆಳೆದ.

"ಇದೇನಲೇ, ಆಟದ ಹಗ್ಗಾನಾ?"

"ರೆಗ್ಯುಲೇಟರ್. ಇದನ್ನ ಮನ್ಯಾಗ ಬಿಟ್ಟು ಬಂದಿದ್ರ ಮತ್ತ ಕುರುಗೋಡಿನಾಗ ಇಳೀತಿದ್ದೆ."

ಆಗ ನಕ್ಕ. ಸೀಟಿನ ಮೇಲೆ ತಲೆ ಇಟ್ಟು, ಪೈಪು ಹಿಡಿದುಕೊಂಡು ನಕ್ಕ. ನಗು ಮುಗಿದ ಮೇಲೆ, "ಬೆರಳು ಚಾಚು, ರೂಲ್ ಐತಿ," ಎಂದ. ನಡುಬಜಾರಿನಲ್ಲಿ, ಆ ಕಡೆ ಈ ಕಡೆ ನೋಡಿ, ಎರಡು ಬೆರಳು ಜೋಡಿಸಿ ಚಾಚಿದೆ. ಅವನೂ ಚಾಚಿ ತಾಗಿಸಿದ. ಸ್ಟೂಲಿನವನು ಎದ್ದು ನಿಂತು, "ನಿಮ್ಮದು ಮುಗದಿದ್ರ ನನ್ನ ಸೀಟು ನೋಡ್ರಿ, ಬಾದನಹಟ್ಟಿತನಕ ನಿಂತ್ಕೊಂಡ ಓಡಸ್ಲೇನು?" ಎಂದ.

ಸೀಟು ಮುಗಿಸಿ ಅವನನ್ನು ಕಳಿಸಿದ ಮೇಲೆ ಕಂಟ್ರೋಲರ್ ಕೊಟ್ಟೆ. ಯಂತ್ರ ಬಳ್ಳಾರಿಯಲ್ಲಿ, ಕಂಟ್ರೋಲರ್ ಸಿರುಗುಪ್ಪದಲ್ಲಿ, ಅದರಿಂದ ಏನು ಮಾಡಬೇಕೆಂದಿದ್ದೆನೋ ನನಗೇ ಗೊತ್ತಿರಲಿಲ್ಲ. ಎರಡು ಕೈಯಲ್ಲಿ ಹಿಡಿದ. ಎಡ ಹೆಬ್ಬೆರಳು ತಾನಾಗಿ ಆಡತೊಡಗಿತು. ಬಲ ಹೆಬ್ಬೆರಳು ಕಟ್ಟಿಗೆಯ ಹಾಗೆ ನೆಟ್ಟಗಿತ್ತು.

"ಮಿಷನ್ ಸೂಜಿ ಹಾದುಹೋತು, ಎರಡು ವರ್ಷಾತು. ಬಗ್ಗಂಗಿಲ್ಲ," ಎಂದ. "ಹಗ್ಗ ಒಗೆಯೋದು ಇದರಾಗ ಅಲ್ಲೇನು?"

ಹೌದೆಂದೆ. ಎರಡು ವರ್ಷದ ಹಿಂದೆ ಅವನ ಕೈಗೆ ಸೂಜಿ ಹಾದಾಗ ನಾನು ಫೋನು ಮಾಡಲು ನಾಚಿಕೊಂಡು ಬಳ್ಳಾರಿಯಲ್ಲಿ ಕೂತಿದ್ದೆ. ಅವನು ಕಂಟ್ರೋಲರನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದ. ಊಟ ಮಾಡಿಸಿ, ಬಸ್ಸು ಹತ್ತಿಸಿದ. ಬಸ್ಸಿನಲ್ಲಿ ಬರುತ್ತಾ, ಇನ್ನು ಆ ತಪ್ಪದ, ಬೈಯದ ಹಗ್ಗದವನ ಜೊತೆಯಲ್ಲೇ ಆಟ ಮುಗಿಸಬೇಕು ಎಂದುಕೊಂಡೆ.

ಮನೆಗೆ ಬಂದು ಚಹಾ ಇಡಲು ಹೋದರೆ ಚೀಲದಲ್ಲಿ ರೆಗ್ಯುಲೇಟರ್ ಇರಲಿಲ್ಲ. ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದ.

"ಮರ್ತ ಹೋಗಿಲ್ಲಲೇ ನೀನು. ನಾನ ತೆಗದಿಟ್ಟೀನಿ. ನಿನ್ನ ನಂಬಿದ್ರ ಮತ್ತ ನಾಕು ವರ್ಷ. ಬರೋ ಭಾನುವಾರ ತಗೊಂಡು ಬರ್ತೀನಿ."

"ಬೆರಳು?"

"ನೀ ಆಡು. ನಾ ಬಾಜೂಕ ಕುಂತು ಬೈತೀನಿ."

ಇವತ್ತು ಗುರುವಾರ. ನಾಲ್ಕು ದಿನದಿಂದ ಮೂಲೆಯ ಹೋಟೆಲಿನಲ್ಲೇ ಊಟ, ಚಹಾ. ಹೊಸ ರೆಗ್ಯುಲೇಟರ್ ತರಬಹುದು, ತಂದಿಲ್ಲ. ಆಟವನ್ನೂ ಮುಟ್ಟಿಲ್ಲ. ಪಕ್ಕದ ಕುರ್ಚಿಯ ಒಂದು ಕಾಲು ಅಲುಗುತ್ತಿತ್ತು, ಮೊಳೆ ಹೊಡೆದೆ. ಭಾನುವಾರ ಅವನಿಗೆ ಬಸ್ಸಿನಲ್ಲಿ ಜಾಗ ಸಿಗದಿದ್ದರೆ, ಯಾರಾದರೂ ಟ್ರ್ಯಾಕ್ಟರಿನವನು ಅರ್ಜೆಂಟು ಸೀಟು ತಂದುಕೊಟ್ಟರೆ ಎಂಬ ಚಿಂತೆ ನಿನ್ನೆಯಿಂದಲೇ ಶುರುವಾಗಿದೆ. ಎಡದವಡೆಯೂ ಜುಮುಜುಮು ಎನ್ನುತ್ತಿದೆ.