ರೊಟ್ಟಿ ಗಂಟಿನ ಮೌತ್ ಆರ್ಗನ್

ಅಂಗೈಯಷ್ಟು ಉದ್ದದ ಮೌತ್ ಆರ್ಗನ್ನಿಗೆ ಒಂದು ಮನೆಯಲ್ಲಿ ಎಷ್ಟು ಜಾಗ ಬೇಕು? ಆದರೂ ಮದುವೆಯಾಗಿ ಸಂಡೂರಿಗೆ ಬಂದ ಮೊದಲ ವರ್ಷ ನಾನು ಅದಕ್ಕೆ ಜಾಗ ಹುಡುಕಿದಷ್ಟು ಅಪ್ಪ ನನಗೆ ಗಂಡನ್ನೂ ಹುಡುಕಿರಲಿಕ್ಕಿಲ್ಲ.

ಕೊಟ್ಟವನು ಸೋದರಮಾವ, ಮದ್ರಾಸಿನಿಂದ ತಂದು. ಕಂಪ್ಲಿಯ ತವರಿನಲ್ಲಿ ಮೊದಲ ದಿನ ಬೆಲ್ಲ ತಿಂದ ಬಾಯಲ್ಲೇ ಊದಿ ಗೂಡಿನಲ್ಲಿಟ್ಟೆ. ಬೆಳಗಾಗುವಷ್ಟರಲ್ಲಿ ಇರುವೆಗಳು ಒಂದೊಂದು ತೂತಿನಲ್ಲೂ ಸಂಸಾರ ಹೂಡಿದ್ದವು. ನೋಡದೆ ಬಾಯಿಗಿಟ್ಟವಳ ತುಟಿಯ ಬಾವು ಎರಡು ದಿನ ಇಳಿಯಲಿಲ್ಲ. ಅಂದಿನಿಂದ ನಾನೇ ಕಾಯಿದೆ ಮಾಡಿಕೊಂಡೆ: ಬಾಯಿ ಮುಕ್ಕಳಿಸದೆ ಊದಬಾರದು, ಊದಿದ ಮೇಲೆ ಅಂಗೈಗೆ ತಟ್ಟಿ ಎಂಜಲು ಉದುರಿಸಿ, ಆರಿದ ಮೇಲೆ ಹಳೆಯ ಧೋತರದ ಚೂರಿನಲ್ಲಿ ಸುತ್ತಿಡಬೇಕು.

ಅತ್ತೆಯ ಮನೆಯಲ್ಲಿ ಆ ಎಂಜಲೇ ಕುತ್ತಿಗೆಗೆ ಬಂತು. ನನ್ನ ಗಂಡ ಮರೆತು ಲೋಟ ಕಚ್ಚಿ ಕುಡಿದರೆ ಅತ್ತೆ ಅದನ್ನು ಬೂದಿ ಹಾಕಿ ಮೂರು ಸಲ ತಿಕ್ಕಿಸುತ್ತಿದ್ದರು. ಬಾಯಲ್ಲೇ ಬಾಳುವ ಈ ವಸ್ತು ಅವರ ಕೈಗೆ ಸಿಕ್ಕರೆ ನೇರ ಹಿತ್ತಲಿನ ಹಾಳುಬಾವಿಗೇ ಎಂಬುದು ನನಗೆ ಖಾತ್ರಿಯಿತ್ತು. ಗಂಡನ ಹತ್ತಿರ ಹೇಳಿಕೊಂಡೆ.

"ನೀ ತೋರ್ಸಿಲ್ಲ, ನಾ ನೋಡಿಲ್ಲ," ಎಂದು ಆ ಧೀರ ಅಂಗಿ ತೊಟ್ಟು ಹೊರಗೆ ನಡೆದ.

ಹಾಸಿಗೆ ಸುರುಳಿಯಲ್ಲಿಟ್ಟೆ, ಅತ್ತೆ ಹಾಸಿಗೆಯನ್ನು ಬಿಸಿಲಿಗೆ ಹಾಕು ಎಂದರು. ಮೆಣಸಿನಕಾಯಿ ಗಡಿಗೆಯಲ್ಲಿಟ್ಟೆ, ಆಮೇಲೆ ಊದಿ ಸೀನಿ ಸೀನಿ ಸುಸ್ತಾದೆ.

ಹೀಗಿರುವಾಗ ಎಲ್ಲರೂ ಹಂಪಿಗೆ ಹೊರಟೆವು. ಮನೆ ಕಾಯಲು ಬಂದಿದ್ದ ನಾದಿನಿ ಮೂಲೆಮೂಲೆ ಕೆದಕುವವಳು; ಮೌತ್ ಆರ್ಗನ್ ಬಿಟ್ಟುಹೋಗುವಂತಿರಲಿಲ್ಲ. ಬುತ್ತಿ ಕಟ್ಟುವವಳೂ ಬಿಚ್ಚಿ ಬಡಿಸುವವಳೂ ಸೊಸೆಯೇ ತಾನೇ ಎಂದು ಒಣಗಿದ ಜೋಳದ ರೊಟ್ಟಿಗಳ ನಡುವೆ ಅದನ್ನು ಇಟ್ಟು, ಮೇಲೆ ಶೇಂಗಾ ಚಟ್ನಿಪುಡಿಯ ಪೊಟ್ಟಣವಿಟ್ಟು ಗಂಟು ಬಿಗಿದೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಪೆಟ್ರೋಲು ಸಿಗದ ಯುದ್ಧದ ಕಾಲ, ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು. ಏರಿನಲ್ಲಿ ನಿಂತಾಗಲೆಲ್ಲ ಗಂಡಸರು ಇಳಿದು ನೂಕಿದರು. ಹೊಸಪೇಟೆಯಿಂದ ಎತ್ತಿನ ಬಂಡಿ. ಹಂಪಿ ಮುಟ್ಟಿದಾಗ ಎಲ್ಲರಿಗೂ ಹೊಟ್ಟೆ ಹಸಿದಿತ್ತು. ಗಂಡಸರು ಹೊಳೆಗೆ ಇಳಿದರು, ನಾನು ನೀರು ತರಲು ಹೋದೆ. ತಂಬಿಗೆ ತುಂಬಿಕೊಂಡು ಬಂದರೆ ಅತ್ತೆಯೇ ಗಂಟು ಬಿಚ್ಚಿ ಕೂತಿದ್ದಾರೆ. ರೊಟ್ಟಿಗಳೆಲ್ಲ ಚೂರುಚೂರು. ಪೊಟ್ಟಣ ಒಡೆದು ಪುಡಿ ಎಲ್ಲೆಡೆ. ಅವರ ಕೈಯಲ್ಲಿ ನನ್ನ ಮೌತ್ ಆರ್ಗನ್.

"ಇದ ಏನವ್ವಾ?"

"ಊದಾದ್ರಿ ಅತ್ತಿ."

"ಬಾಯಾಗ ಇಟ್ಕೊಂಡು?"

ತಲೆಯಾಡಿಸಿದೆ. ಎಂಜಲಿನ ವಸ್ತು, ಅದೂ ಊಟದ ಗಂಟಿನಲ್ಲಿ. ಇನ್ನು ರೊಟ್ಟಿ ಹೊಳೆಗೆ, ನಾನು ತವರಿಗೆ ಎಂದುಕೊಂಡೆ. ಅತ್ತೆ ಅದನ್ನು ತಮ್ಮ ಎಲೆ ಅಡಿಕೆಯ ಸಂಚಿಗೆ ಸೇರಿಸಿ, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಗಂಡಸರು ಬಂದು ರೊಟ್ಟಿಯ ಚೂರುಗಳನ್ನು ನೋಡಿದಾಗ, "ಬಸ್ಸು ಭಾಳ ಕುಲುಕ್ತು," ಎಂದಷ್ಟೇ ಹೇಳಿ ಬಡಿಸಿದರು. ತಾವೂ ತಿಂದರು. ನಾನು ಅವರ ಸೊಂಟದ ಸಂಚಿಯನ್ನೇ ನೋಡುತ್ತ ತಿಂದೆ.

ಸಂಡೂರಿಗೆ ಮರಳಿದ ಮೇಲೆ ಎಂಟು ದಿನ ಅತ್ತೆ ಆ ಮಾತೇ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಹಿತವಿತ್ತು. ದಿನಾ ಹಿತ್ತಲಿಗೆ ಹೋಗಿ ಹಾಳುಬಾವಿಯಲ್ಲಿ ಇಣುಕಿ ನೋಡುತ್ತಿದ್ದೆ. ಸೋದರಮಾವನ ನೆನಪಾಗಿ ಒಂದು ಮಧ್ಯಾಹ್ನ ಬಾವಿಕಟ್ಟೆಯ ಮೇಲೆ ಕೂತು ಅತ್ತೂ ಬಿಟ್ಟೆ.

ಒಂಬತ್ತನೆಯ ದಿನ ರೊಟ್ಟಿ ಬಡಿಯುತ್ತಿದ್ದಾಗ ಅತ್ತೆ ಒಳಗೆ ಬಂದರು. ಸುತ್ತ ನೋಡಿ, ಸಂಚಿಯಿಂದ ಅದನ್ನು ತೆಗೆದು ನನ್ನ ಮುಂದೆ ಹಿಡಿದರು.

"ಎಡಗಡೆ ಎರಡು ತೂತಿನಾಗ ಶೇಂಗಾ ಪುಡಿ ಕುಂತೈತಿ. ಎಷ್ಟ ಊದಿದ್ರೂ ದನಿ ಬರವಲ್ದು. ಜಲ್ದಿ ಸ್ವಚ್ಛ ಮಾಡಿ ಕೊಡು."

ತೂತುಗಳ ಅಂಚಿಗೆಲ್ಲ ಎಲೆ ಅಡಿಕೆಯ ಕೆಂಪು ಹತ್ತಿತ್ತು. ನಾನು ಆಗ ಎಲೆ ಹಾಕುತ್ತಿರಲಿಲ್ಲ.

ಕೈ ತೊಳೆದು ಬಂದು ಸೂಜಿಯಿಂದ ಪುಡಿ ಕೆದಕಿ, ಅಂಗೈಗೆ ತಟ್ಟಿದೆ. ಕೆಂಪನ್ನು ಒರೆಸಲು ಹೋಗಲಿಲ್ಲ. ಅತ್ತೆ ನೋಡುತ್ತಿದ್ದಂತೆಯೇ ಬಾಯಿಗಿಟ್ಟು ಊದಿದೆ. ಎರಡೂ ತೂತು ದನಿ ಕೊಟ್ಟವು. ಅವರು ಕೈ ಚಾಚಿದರು. ಇಸಿದುಕೊಂಡು, ಸೆರಗಿನಿಂದಲೂ ಒರೆಸದೆ, ತಮ್ಮ ತುಟಿಗೆ ಇಟ್ಟುಕೊಂಡರು.